ಕಂಡದ್ದು, ಅಂದುಕೊಂಡದ್ದು

ಮನಶ್ಶಾಸ್ತ್ರ ವಿಭಾಗದಲ್ಲಿ ಸಂಶೋಧನಾ ವಿಧಾನದ ತರಗತಿ ಎಂದರೆ ಎಲ್ಲರೂ ಮೂಗು ಮುರಿಯುತ್ತಿದ್ದರು. ಕನಸು, ಭಯ, ನೆನಪು, ಪ್ರೀತಿ ಇವುಗಳ ಗುಟ್ಟು ತಿಳಿಯಲು ಬಂದು ಸೇರಿದವರಿಗೆ ಮಾದರಿ, ಸರಾಸರಿ, ಅಳತೆ ಎಂದು ಪಾಠ ಶುರುವಾದರೆ ಹೊಟ್ಟೆ ತುಂಬೀತೇ? ಪಾಠ ಹೇಳುವ ಮೇಡಂಗೆ ಇದೆಲ್ಲ ಗೊತ್ತಿತ್ತು. ಮೊದಲ ವಾರ ಅವರು ಪುಸ್ತಕವನ್ನೇ ತೆರೆಯಲಿಲ್ಲ. "ಎಲ್ಲಾದ್ರೂ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ಕೂತ್ಕೊಳ್ಳಿ. ಜನರನ್ನ ನೋಡಿ. ನೋಡಿದ್ದನ್ನ ಬರ್ಕೊಂಡು ಬನ್ನಿ," ಎಂದರು.

ಆ ತರಗತಿಯಲ್ಲಿ ಕ್ಷೌರದ ಅಂಗಡಿಯವರ ಮಗಳೊಬ್ಬಳಿದ್ದಳು. ಬರೆಯುವುದೆಂದರೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಬಸ್ ನಿಲ್ದಾಣದಲ್ಲಿ ಕೂತು, ಎದುರಿಗಿದ್ದ ಒಂದು ಜೋಡಿಯನ್ನು ನೋಡಿ, ಪುಟಗಟ್ಟಲೆ ತುಂಬಿಸಿ ತಂದಳು. ಮೇಡಂ ಅದನ್ನೇ ಎತ್ತಿಕೊಂಡು ಎಲ್ಲರಿಗೂ ಕೇಳುವಂತೆ ಓದಿದರು.

"'ಗಂಡ ಕೋಪದಿಂದ ಮುಖ ತಿರುಗಿಸಿಕೊಂಡ.' ಚೆನ್ನಾಗಿದೆ. ಅವನು ಗಂಡ ಅಂತ ಯಾರು ಹೇಳಿದ್ರು ನಿಂಗೆ?"

ತರಗತಿ ನಕ್ಕಿತು.

"ಕೋಪ ಅಂತ ಹೇಗೆ ಗೊತ್ತಾಯ್ತು?"

"ನೋಡಿದ್ರೆ ಗೊತ್ತಾಗುತ್ತಲ್ಲ ಮೇಡಂ," ಎಂದಳು ಮಗಳು.

"ನೋಡಿದ ಕೂಡಲೇ ಗೊತ್ತಾಗೋ ಹಾಗಿದ್ರೆ ನಮಗೆಲ್ಲ ಇಲ್ಲಿ ಕೆಲಸವೇ ಇರ್ತಿರಲಿಲ್ಲ ಕಣಮ್ಮ." ಮೇಡಂ ಬೋರ್ಡಿನ ಮೇಲೆ ನಡುವೆ ಒಂದು ಗೆರೆ ಎಳೆದು, ಎಡಕ್ಕೆ 'ಕಂಡದ್ದು' ಎಂದೂ ಬಲಕ್ಕೆ 'ಅಂದುಕೊಂಡದ್ದು' ಎಂದೂ ಬರೆದರು. "ಬಲಗಡೆ ಬರೆಯೋದು ತಪ್ಪಲ್ಲ. ಎಲ್ಲರೂ ಅಂದ್ಕೊಳ್ತಾರೆ, ಅಂದ್ಕೊಳ್ಳದೆ ಬದುಕೋಕೆ ಆಗಲ್ಲ. ಆದ್ರೆ ಎಡಗಡೆ ಖಾಲಿ ಬಿಟ್ಟು ಬಲಗಡೆಗೆ ಹಾರಬೇಡಿ. ಮುಖ ತಿರುಗಿಸಿದ, ಅಷ್ಟು ಕಂಡದ್ದು. ಬಸ್ಸು ಬಂತಾ ಅಂತ ನೋಡಿರಬಹುದು. ಕುತ್ತಿಗೆ ಹಿಡ್ಕೊಂಡಿರಬಹುದು."

ಮಗಳಿಗೆ ಅವಮಾನವಾಯಿತು. ಆದರೆ ಆ ಗೆರೆ ತಲೆಯೊಳಗೆ ಕೂತುಬಿಟ್ಟಿತು.

ಅವಳ ಮನೆಯಲ್ಲಿ ಆ ಹೊತ್ತಿಗೆ ಎಲ್ಲರಿಗೂ ತಿಳಿದ ಒಂದು ಸಂಗತಿಯಿತ್ತು: ಅಪ್ಪನಿಗೆ ಅಮ್ಮನ ಮೇಲೆ ಕೋಪ. ಇದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಅಮ್ಮ ಎರಡು ವರ್ಷದ ಹಿಂದೆ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ್ದಳು. ಬಂದವರ ಹೆಸರು ಬರೆದುಕೊಳ್ಳುವುದು, ಫೋನ್ ಎತ್ತುವುದು, ಹೆದರಿದ ಮಕ್ಕಳನ್ನು ಮಾತಾಡಿಸುವುದು. ಸಂಜೆ ಪಾಳಿ. ಅವಳ ಲೆಕ್ಕದಲ್ಲಿ ಗಂಡನ ಮೌನ ಶುರುವಾದದ್ದು ಅಲ್ಲಿಂದ.

"ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಸರಿ ಅನ್ನಬೇಕಿತ್ತು, ಅದೂ ಅನ್ನಲಿಲ್ಲ," ಎನ್ನುತ್ತಿದ್ದಳು ಅಮ್ಮ. "ಏನಾದ್ರೂ ಕೇಳಿದ್ರೆ ಹುಬ್ಬು ಗಂಟು ಹಾಕ್ಕೊಂಡು ನನ್ನ ಮುಖವನ್ನೇ ನೋಡ್ತಾರೆ. ಉತ್ತರ ಇಲ್ಲ. ಗೋಡೆ ಹತ್ರ ಮಾತಾಡಿದ್ರೆ ಗೋಡೆನಾದ್ರೂ ಪ್ರತಿಧ್ವನಿ ಕೊಡುತ್ತೆ."

ಬರಬರುತ್ತಾ ಅಮ್ಮ ನೇರವಾಗಿ ಮಾತಾಡುವುದನ್ನೇ ಬಿಟ್ಟಳು. ಊಟಕ್ಕೆ ಕೂತಾಗ "ನಿಮ್ಮಪ್ಪನಿಗೆ ಇನ್ನೊಂದು ಸ್ವಲ್ಪ ಬೇಕಾ ಕೇಳು" ಎನ್ನುವಳು. ಮಗಳು ಕೇಳುವಳು. ಅಪ್ಪ "ಸಾಕು ಅಂತ ಹೇಳು" ಎನ್ನುವರು. ಒಂದೇ ಮೇಜಿನ ಎರಡು ತುದಿಗಳ ನಡುವೆ ಮಗಳು ಅಂಚೆಯ ಕೆಲಸ ಮಾಡುತ್ತಿದ್ದಳು. ಈಚೆಗೆ ಅಮ್ಮ ತನ್ನ ತಂಗಿಗೆ ಫೋನ್ ಮಾಡಿ ಪಿಸುಗುಡುವುದು ಹೆಚ್ಚಾಗಿತ್ತು. "ಸ್ವಲ್ಪ ದಿನ ನಿಮ್ಮ ಚಿಕ್ಕಮ್ಮನ ಮನೇಲಿ ಇದ್ದು ಬರ್ತೀನಿ," ಎಂದು ಒಮ್ಮೆ ಮಗಳ ಬಳಿ ಹೇಳಿದಳು. ಆ 'ಸ್ವಲ್ಪ ದಿನ' ಎಷ್ಟು ದಿನ ಎಂದು ಕೇಳಲು ಮಗಳಿಗೆ ಧೈರ್ಯ ಬರಲಿಲ್ಲ.

ಅರ್ಧ ವರ್ಷದ ಪಾಠ ಮುಗಿದ ಮೇಲೆ ಮೇಡಂ ಇಬ್ಬಿಬ್ಬರನ್ನು ಜೋಡಿ ಮಾಡಿ ಒಂದೊಂದು ಅಧ್ಯಯನ ಮಾಡಲು ಹೇಳಿದರು. ಮಗಳಿಗೆ ಜೊತೆಯಾಗಿ ಸಿಕ್ಕವಳು 'ಸ್ಕೇಲು'. ಯಾವ ಗೆರೆಯನ್ನೂ ಕೈಯಲ್ಲಿ ಎಳೆಯದ, ಯಾವ ಮಾತನ್ನೂ ಅಗತ್ಯಕ್ಕಿಂತ ಉದ್ದ ಮಾಡದ ಹುಡುಗಿಗೆ ತರಗತಿಯವರು ಇಟ್ಟ ಹೆಸರು. ಅವಳಿಗೆ ಅದು ಗೊತ್ತಿತ್ತು, ಬೇಸರವೂ ಇರಲಿಲ್ಲ.

ಮಗಳು ಒಂದು ವಿಷಯ ಯೋಚಿಸಿಟ್ಟಿದ್ದಳು. ಕ್ಷೌರದ ಕುರ್ಚಿಯಲ್ಲಿ ಕೂತವರು ಪರಿಚಯವಿಲ್ಲದಿದ್ದರೂ ಮನಸ್ಸು ಬಿಚ್ಚಿ ಮಾತಾಡುತ್ತಾರಲ್ಲ, ಅಲ್ಲಿ ಮಾತನ್ನು ಮೊದಲು ಎತ್ತುವವರು ಯಾರು, ಯಾವಾಗ ಎತ್ತುತ್ತಾರೆ, ಎದುರಿನವರು ಏನು ಮಾಡುತ್ತಾರೆ? ಅಪ್ಪನ ಅಂಗಡಿಯಂತೂ ಇದ್ದೇ ಇತ್ತು.

"ನಿಮ್ಮಪ್ಪ, ನಿಮ್ಮಪ್ಪನ ಅಂಗಡಿ, ನೋಡೋಳೂ ನೀನೇ. ಇದು ಸರಿಹೋಗುತ್ತಾ?" ಎಂದಳು ಸ್ಕೇಲು.

"ಅದಕ್ಕೇ ಅಲ್ವಾ ಇಬ್ಬರನ್ನ ಕಳಿಸ್ತಿರೋದು," ಎಂದರು ಮೇಡಂ. "ಒಬ್ಬರಿಗೊಬ್ಬರು ತೋರಿಸದೆ, ಮಾತಾಡದೆ, ಬೇರೆ ಬೇರೆ ಬರ್ಕೊಳ್ಳಿ. ಆಮೇಲೆ ಹೋಲಿಸಿ ನೋಡಿ. ಎಲ್ಲಿ ತಾಳೆ ಆಗಲ್ವೋ ಅಲ್ಲೇ ಕಲಿಯೋದು ಇರುತ್ತೆ. ಮತ್ತೆ, ಕೂತಿರೋರ ಒಪ್ಪಿಗೆ ಇಲ್ಲದೆ ಒಂದು ಅಕ್ಷರನೂ ಬರೀಬಾರದು."

ಅಪ್ಪ ಅಂಗಡಿಯಲ್ಲಿ ಕತ್ತರಿ ಒರೆಸುತ್ತಾ ಮಗಳ ಮಾತನ್ನು ಕೇಳಿದರು. "ನಾನೇನು ಮಾಡ್ಬೇಕು?"

"ಏನೂ ಮಾಡ್ಬೇಡಿ. ದಿನಾ ಇರೋ ಹಾಗೇ ಇರಿ."

"ದಿನಾ ಹೇಗಿರ್ತೀನಿ ಅಂತ ನಂಗೇನು ಗೊತ್ತು. ಸರಿ, ಕೂತ್ಕೊಳ್ಳಿ. ಬೆಂಚ್ ಮೇಲೆ ಜಾಗ ಬಿಟ್ಟುಕೊಡಿ, ಗಿರಾಕಿಗಳು ಬರ್ತಾರೆ."

ಉದ್ದನೆಯ ಇಕ್ಕಟ್ಟಾದ ಅಂಗಡಿ. ಒಂದು ಗೋಡೆಗೆ ದೊಡ್ಡ ಕನ್ನಡಿ, ಅದರ ಮುಂದೆ ಕುರ್ಚಿ. ಹಿಂದಿನ ತುದಿಯಲ್ಲಿ ಕೂದಲು ತೊಳೆಯುವ ಬೇಸಿನ್. ಬಾಗಿಲ ಬಳಿ ಕಾಯುವವರ ಬೆಂಚು. ಬಾಗಿಲಿಗೆ ಹುಡುಗಿಯರು ಒಂದು ಫಲಕ ತೂಗುಹಾಕಿ, ಬಂದ ಪ್ರತಿಯೊಬ್ಬರಿಗೂ ವಿಷಯ ಹೇಳಿ ಒಪ್ಪಿಗೆ ಪಡೆದರು. ಬೇಡವೆಂದವರು ವಿರಳ. ಅಂಚೆ ಕಚೇರಿಯಿಂದ ನಿವೃತ್ತರಾದ ಒಬ್ಬರಂತೂ "ನನ್ನ ಮಾತು ಬರ್ಕೊಳ್ಳೋರು ಈ ಜನ್ಮದಲ್ಲಿ ಸಿಗ್ತಾರೆ ಅಂತ ಅಂದ್ಕೊಂಡಿರಲಿಲ್ಲ. ನಿಧಾನಕ್ಕೆ ಹೇಳ್ಲಾ?" ಎಂದು ಕೇಳಿದರು.

ಮಗಳು ಚಿಕ್ಕಂದಿನಲ್ಲಿ ಅಂಗಡಿಗೆ ಎಷ್ಟೋ ಸಲ ಬಂದವಳೇ. ಆದರೆ ಕೂತು ನೋಡಿದ್ದು ಇದೇ ಮೊದಲು. ಅಪ್ಪ ಇಲ್ಲಿ ಬೇರೆಯೇ ಮನುಷ್ಯ. ಹೆಗಲ ಮೇಲೆ ಬಟ್ಟೆ ಹೊದಿಸುವಾಗಲೇ ಮಾತಿಗೆ ಮಾತು. ಲಾರಿ ಡ್ರೈವರನೊಬ್ಬ ತನ್ನ ಮಾವನ ಜಿಪುಣತನದ ಕಥೆ ಹೇಳಿದಾಗ ಅಪ್ಪ ಕತ್ತರಿಯನ್ನು ಮೇಲೆ ಹಿಡಿದು ನಿಂತು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆ ನಗು ಮನೆಯಲ್ಲಿ ಕೇಳಿ ಎಷ್ಟು ಕಾಲವಾಯಿತೋ. ಹಾಳೆಯ ಮೇಲೆ ಗುರುತು ಹಾಕುತ್ತಿದ್ದ ಮಗಳು ಪೆನ್ನು ಕೆಳಗಿಟ್ಟಳು. ಲಾರಿ ಡ್ರೈವರನಿಗೆ ಇರುವುದು ಅಮ್ಮನಿಗೆ ಯಾಕಿಲ್ಲ? ಅಮ್ಮ ಅಂದುಕೊಂಡದ್ದೇ ನಿಜ. ಇವರಿಗೆ ಮಾತು ಬೇಡವಾಗಿಲ್ಲ, ಮನೆಯೇ ಬೇಡವಾಗಿದೆ. ಆ ದಿನ ಅವಳು ಅಪ್ಪನಿಗೆ ಹೇಳದೆ, ಬೇರೆ ಬಸ್ಸು ಹಿಡಿದು ಮನೆಗೆ ಹೋದಳು.

ಕೆಲವು ದಿನಗಳ ನಂತರ ಇಬ್ಬರೂ ಗ್ರಂಥಾಲಯದ ಮೂಲೆಯಲ್ಲಿ ಹಾಳೆಗಳನ್ನು ಪಕ್ಕಪಕ್ಕ ಹರಡಿಕೊಂಡು ಕೂತರು. ಮಾತು ಎತ್ತಿದವರು ಯಾರು ಎಂಬುದರಲ್ಲಿ ಇಬ್ಬರ ಗುರುತುಗಳೂ ಹೆಚ್ಚುಕಡಿಮೆ ಒಂದೇ. ನಕ್ಕದ್ದು, ಮಾತು ನಿಂತದ್ದು, ಅವೂ ತಾಳೆಯಾದವು. ಒಂದೇ ಒಂದು ಕಡೆ ಮಾತ್ರ ಅಜಗಜಾಂತರ. ಗಿರಾಕಿ ಮಾತಾಡಿದಾಗ ಅಪ್ಪ ಏನು ಮಾಡಿದರು ಎಂಬಲ್ಲಿ ಸ್ಕೇಲು ಮತ್ತೆ ಮತ್ತೆ 'ಉತ್ತರವಿಲ್ಲ' ಎಂದು ಬರೆದಿದ್ದಳು. ಅದೇ ಹೊತ್ತಿಗೆ ಮಗಳು ಬರೆದದ್ದು 'ಕೇಳಿ ಸುಮ್ಮನೆ ನಕ್ಕರು', 'ಹೂಂ ಎಂಬಂತೆ ತಲೆಯಾಡಿಸಿದರು'.

"ಅಂಚೆಯವರು ತಮ್ಮ ಮಗಳ ಮದುವೆ ವಿಷಯ ಹೇಳಿದ್ರಲ್ಲ, ನಿಮ್ಮಪ್ಪ ತಲೆ ಆಡಿಸಿದ್ದು ನಾನು ನೋಡಲಿಲ್ಲ," ಎಂದಳು ಸ್ಕೇಲು.

"ಆಡಿಸಿದ್ರು. ಅವರ ಅಭ್ಯಾಸ ಅದು. ನಂಗೆ ಗೊತ್ತು."

"ಗೊತ್ತು ಸರಿ. ಕಂಡ್ಯಾ?"

ಮಗಳು ತನ್ನ ಹಾಳೆಯನ್ನು ಎಳೆದುಕೊಂಡು ಮತ್ತೊಮ್ಮೆ ನೋಡಿದಳು.

"ಕೋಪ ಮಾಡ್ಕೋಬೇಡ," ಎಂದಳು ಸ್ಕೇಲು. "ನೀನು ನೋಡ್ತಿಲ್ಲ, ತುಂಬಿಸ್ತಿದೀಯ. ಖಾಲಿ ಬಿಟ್ಟ ಜಾಗ ಕಂಡ ತಕ್ಷಣ ನಿಮ್ಮಪ್ಪ ಏನು ಮಾಡ್ತಾರೋ ಅದನ್ನ ಅಲ್ಲಿ ಹಾಕ್ತಿದೀಯ. ನಂಗೆ ಅವರು ಯಾರೋ ಏನೋ. ಅದಕ್ಕೆ ಖಾಲಿ ಹಾಗೇ ಉಳೀತು."

"ನೀನು ಸರಿಯಾಗಿ ನೋಡದೇ ಇರಬಹುದು."

"ಇರಬಹುದು."

ಜಗಳಕ್ಕೆ ಸಿಗದ ಹುಡುಗಿಯ ಜೊತೆ ಜಗಳವಾಡುವುದು ಹೇಗೆ? ಇಬ್ಬರೂ ಮೇಡಂ ಕೋಣೆಗೆ ಹೋದರು. ಯಾರದು ಸರಿ ಎಂದು ಮೇಡಂ ಹೇಳಲಿಲ್ಲ. "ಅಂಪೈರ್ ಬೇಕು ಅಂತ ಬಂದ್ರಾ? ನಾನು ಅಂಗಡಿಯಲ್ಲಿ ಇರಲಿಲ್ಲ. 'ಉತ್ತರ' ಅಂದ್ರೇನು ಅಂತ ಇಬ್ಬರೂ ಕೂತು ಮೊದಲು ತೀರ್ಮಾನ ಮಾಡಿ. ಮತ್ತೆ ಹೋಗಿ ನೋಡಿ. ಈ ಸಲ ಇನ್ನೊಂದು ಬರ್ಕೊಳ್ಳಿ: ಆಗ ಅವರು ಎಲ್ಲಿ ನಿಂತಿದ್ರು, ಏನು ಮಾಡ್ತಿದ್ರು."

ಮತ್ತೆ ಬೆಂಚಿನ ಮೇಲೆ ಕೂತಾಗ ಮಗಳು ಹಟ ಹಿಡಿದು ನೋಡಿದಳು. ಇವರು ಅಪ್ಪ ಅಲ್ಲ, ಕತ್ತರಿ ಹಿಡಿದ ಒಬ್ಬ ಮನುಷ್ಯ ಎಂದು ಒಳಗೊಳಗೇ ಹೇಳಿಕೊಂಡಳು. ಆ ಮನುಷ್ಯ ಕುರ್ಚಿಯ ಹಿಂದೆ ನಿಂತಿದ್ದಾಗ ಗಿರಾಕಿಯ ಒಂದು ಮಾತೂ ನೆಲಕ್ಕೆ ಬೀಳುತ್ತಿರಲಿಲ್ಲ. ಬೇಸಿನ್ನಿನ ಬಳಿ ಹೋದಾಗ, ಗಿರಾಕಿ ತಲೆ ಹಿಂದಕ್ಕೆ ಒರಗಿಸಿ ಏನೋ ಕೇಳಿದರೆ, ಆ ಮನುಷ್ಯ ಸುಮ್ಮನೆ ಕೂದಲಿಗೆ ಸೋಪು ಹಚ್ಚುತ್ತಿದ್ದ. ಒಬ್ಬಾತ ಎರಡೆರಡು ಸಲ "ನೀರು ಬಿಸಿಯಾಯ್ತು" ಎಂದ. ಕೊನೆಗೆ ಕೈ ಎತ್ತಿದ. ಆಗ ಗಾಬರಿಯಿಂದ ನಲ್ಲಿ ತಿರುಗಿಸಿದ್ದಾಯಿತು. ಬೆಂಚಿನಿಂದ ಯಾರಾದರೂ ಬೆನ್ನ ಹಿಂದೆ ಮಾತಾಡಿದರೂ ಅಷ್ಟೇ. ಮಾತಾಡಿದವರು ಕನ್ನಡಿಯಲ್ಲಿ ಕಾಣುವಂತೆ ಸ್ವಲ್ಪ ವಾಲಿದರೆ ತಕ್ಷಣ ಉತ್ತರ.

ಸಂಜೆ ಇಬ್ಬರೂ ರಸ್ತೆಗೆ ಇಳಿದು ನಡೆದರು. ಇಬ್ಬರ ಹಾಳೆಗಳೂ ಈ ಸಲ ತಾಳೆಯಾಗುತ್ತವೆ ಎಂಬುದು ಹೋಲಿಸದೆಯೇ ಗೊತ್ತಿತ್ತು.

"ಕನ್ನಡಿ," ಎಂದಳು ಮಗಳು. "ತುಟಿ ನೋಡ್ತಿದಾರೆ."

"ಕಾರಣ ನಾನು ಹೇಳಲ್ಲ," ಎಂದಳು ಸ್ಕೇಲು. ಸ್ವಲ್ಪ ದೂರ ನಡೆದ ಮೇಲೆ, "ಆದ್ರೆ ನಂಗೂ ಹಾಗೇ ಅನ್ನಿಸ್ತು," ಎಂದಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಮಗಳು ಹಳೆಯದನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದಳು. ಅಪ್ಪ ಅಂಗಡಿಯ ರೇಡಿಯೋವನ್ನು ತಲೆನೋವೆಂದು ಯಾರಿಗೋ ಕೊಟ್ಟುಬಿಟ್ಟದ್ದು. ಫೋನ್ ಬಂದರೆ "ನೀನೇ ಮಾತಾಡು, ನನ್ನ ಕೈ ಒದ್ದೆ" ಎನ್ನುವುದು, ಕೈ ಒಣಗಿದ್ದಾಗಲೂ. ಅಡುಗೆಮನೆಯಲ್ಲಿ ಅಮ್ಮ ಒಲೆಯ ಕಡೆ ಮುಖ ಮಾಡಿ, ನಲ್ಲಿ ಬಿಟ್ಟುಕೊಂಡು, ಹಿಂದೆ ಮೇಜಿನ ಬಳಿ ಕೂತ ಗಂಡನ ಜೊತೆ ಮಾತಾಡುವುದು. ಅಲ್ಲಿ ಕನ್ನಡಿ ಎಲ್ಲಿಂದ ಬರಬೇಕು?

ಇಷ್ಟಾದ ಮೇಲೆ ಅವಳು ಸುಮ್ಮನಿರಬಹುದಿತ್ತು. ಆದರೆ ಖಚಿತಪಡಿಸಿಕೊಳ್ಳುವ ಚಟ ಅಂಟಿಕೊಂಡಿತ್ತು. ಅಮ್ಮ ಕ್ಲಿನಿಕ್ಕಿಗೆ ಹೋಗಿದ್ದ ಒಂದು ಸಂಜೆ ಅಪ್ಪ ಕಿಟಕಿಯ ಬಳಿ ಕೂತು ಬೂಟಿಗೆ ದಾರ ಪೋಣಿಸುತ್ತಿದ್ದರು. ಮಗಳು ಸದ್ದಿಲ್ಲದೆ ಹಿಂದೆ ಹೋಗಿ ನಿಂತು, ಮೆಲ್ಲಗೂ ಅಲ್ಲದ ಜೋರಾಗಿಯೂ ಅಲ್ಲದ ದನಿಯಲ್ಲಿ "ಅಪ್ಪ, ನನಗೆ ಜ್ವರ ಬಂದಿದೆ," ಎಂದಳು. ಅಪ್ಪ ದಾರ ಪೋಣಿಸುತ್ತಲೇ ಇದ್ದರು. ಅವಳು ಇನ್ನೊಂದು ಹೆಜ್ಜೆ ಹತ್ತಿರ ಹೋಗಿ ಅದನ್ನೇ ಹೇಳಿದಳು.

ಅಪ್ಪ ತಲೆಯೆತ್ತಿದರು. ಹಿಂದೆ ತಿರುಗಲಿಲ್ಲ. ಹೊರಗೆ ಕತ್ತಲಾಗುತ್ತಿತ್ತು. ಕಿಟಕಿಯ ಗಾಜಿನಲ್ಲಿ ಮಗಳ ಮುಖ ಮೂಡಿತ್ತು.

"ಏನ್ ಪರೀಕ್ಷೆ ಮಾಡ್ತಿದೀಯ ನನ್ನ?" ಎಂದರು.

ಮಗಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಸುತ್ತಿಬಂದು ಎದುರಿಗೆ ನೆಲದ ಮೇಲೆ ಕೂತಳು. "ತಪ್ಪಾಯ್ತು ಅಪ್ಪ."

"ನಿಮ್ಮ ಹಾಳೆಯಲ್ಲಿ ಇದೂ ಇದೆಯಾ? ಮುದುಕನಿಗೆ ಕಿವಿ ಕೇಳಲ್ಲ ಅಂತ?"

"ಇಲ್ಲ. ನೀವು ಎಲ್ಲಿ ನಿಂತಾಗ ಉತ್ತರ ಕೊಡಲ್ಲ ಅಂತ ಇದೆ."

"ಎರಡೂ ಒಂದೇ," ಎಂದರು ಅಪ್ಪ. ಬೂಟನ್ನು ಕೆಳಗಿಟ್ಟರು. ಸಿಟ್ಟು ಬಂದಿದ್ದರೆ ಮಗಳಿಗೆ ಹಗುರಾಗುತ್ತಿತ್ತು. ಅವರಿಗೆ ಬಂದದ್ದು ಸಿಟ್ಟಲ್ಲ. "ಮಾತಾಡೋದನ್ನ ನೋಡ್ತೀವಿ ಅಂದ್ರಿ. ನಾನು ಹೂಂ ಅಂದಿದ್ದು ಅದಕ್ಕೆ."

ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಅಪ್ಪ ತಾವಾಗಿಯೇ ಮಾತು ಮುಂದುವರಿಸಿದರು. "ನಂಗೆ ಕೆಲಸ ಕಲಿಸಿದ ಯಜಮಾನರಿಗೆ ಕೊನೆಕೊನೆಗೆ ಕಿವಿ ಹೋಗಿತ್ತು. ಜನ ಅವರ ಕುರ್ಚಿಯಲ್ಲೇ ಕೂತ್ಕೊಂಡು, ನಗ್ತಾ ನಗ್ತಾ ಅವರನ್ನೇ ಬಾಯಿಗೆ ಬಂದ ಹಾಗೆ ಬೈಯೋರು. ಅವರು ಪಾಪ, ತಾವೂ ನಗೋರು. ಆಮೇಲೆ ಒಬ್ಬೊಬ್ಬರೇ ಬರೋದು ಬಿಟ್ರು. ಕತ್ತಿ ಹಿಡಿದೋನಿಗೆ ಹೇಳಿದ್ದು ಕೇಳಲ್ಲ ಅಂದ್ರೆ ಯಾರು ತಲೆ ಕೊಡ್ತಾರೆ ಹೇಳು."

"ಅಮ್ಮನಿಗಾದ್ರೂ ಹೇಳಬಹುದಿತ್ತಲ್ಲ."

"ನಿಮ್ಮಮ್ಮನಿಗೆ ನನ್ನ ಹತ್ರ ಹೇಳೋಕೇನಿದೆ, ಕೇಳೋಕೇನಿದೆ. ಕೆಲಸಕ್ಕೆ ಸೇರ್ಕೊಳ್ತೀನಿ ಅಂತ ಒಂದು ಮಾತು ಹೇಳಲಿಲ್ಲ. ಒಂದು ದಿನ ನೋಡ್ತೀನಿ, ಬ್ಯಾಗ್ ತಗೊಂಡು ಹೊರಟಿದಾಳೆ. ಅಂಗಡಿಯಲ್ಲಿ ಯಾರೋ ಹೇಳಿ ಗೊತ್ತಾಯ್ತು ಎಲ್ಲಿಗೆ ಅಂತ."

ಮಗಳು ಅಪ್ಪನ ಮುಖವನ್ನೇ ನೋಡಿದಳು. ಅಮ್ಮ ಹೇಳಿದ್ದಳು. ಒಂದಲ್ಲ, ನಾಲ್ಕು ಸಲ ಹೇಳಿದ್ದಳು. ಹೇಗೆ ಹೇಳಿದೆ, ಯಾವ ಪಾತ್ರೆ ತೊಳೆಯುತ್ತಾ ಹೇಳಿದೆ ಎಂಬುದನ್ನೂ ಸೇರಿಸಿ ಎಷ್ಟೋ ಬಾರಿ ಮಗಳ ಬಳಿ ದೂರಿದ್ದಳು. ಈ ಮನೆಯಲ್ಲಿ ಇಬ್ಬರು ಒಬ್ಬರನ್ನೊಬ್ಬರು ಎರಡು ವರ್ಷ ಕಾದಿದ್ದಾರೆ, ತನಗೆ ಉತ್ತರ ಬರಲಿಲ್ಲವೆಂದು ಒಬ್ಬಳು, ತನ್ನನ್ನು ಕೇಳಲೇ ಇಲ್ಲವೆಂದು ಇನ್ನೊಬ್ಬರು.

"ಅಪ್ಪ," ಎಂದಳು. "ಅಮ್ಮ ಹೇಳಿದ್ಲು. ಅಡುಗೆಮನೆಯಿಂದ."

ಅಪ್ಪನಿಗೆ ಅದು ಒಳಗೆ ಇಳಿಯಲು ಹೊತ್ತು ಹಿಡಿಯಿತು. ಇಳಿದ ಮೇಲೆ ಅವರು ಎದ್ದು ಅಡುಗೆಮನೆಯ ಬಾಗಿಲವರೆಗೂ ಹೋಗಿ, ಒಲೆಯನ್ನೂ ಮೇಜನ್ನೂ ನೋಡಿ, ಮತ್ತೆ ಬಂದು ಕೂತರು. "ಅವಳಿಗೆ ನೀನು ಹೇಳಬೇಡ," ಎಂದರು. "ನಾನೇ ಹೇಳ್ತೀನಿ."

"ಯಾವಾಗ?"

"ಹೇಳ್ತೀನಿ ಅಂದ್ನಲ್ಲ."

ಮರುದಿನ ಮಗಳು ಮೇಡಂ ಎದುರು ಕೂತು ನಡೆದದ್ದನ್ನೆಲ್ಲ ಹೇಳಿದಳು. ಹೆಚ್ಚಾಗಿ ತನ್ನ ಜ್ವರದ ಸುಳ್ಳನ್ನೇ ಹೇಳಿದಳು. ಮೇಡಂ ಬೈಯಲಿಲ್ಲ. "ಬೀಗದ ಕೈ ಸಿಕ್ಕ ತಕ್ಷಣ ಎಲ್ಲ ಬಾಗಿಲಿಗೂ ಹಾಕಿ ನೋಡಬೇಕು ಅನ್ಸುತ್ತೆ. ನಂಗೂ ಅನ್ಸಿತ್ತು ನಿನ್ನ ವಯಸ್ಸಲ್ಲಿ," ಎಂದರು. ಆಮೇಲೆ ಕನ್ನಡಕ ತೆಗೆದಿಟ್ಟು ಹೇಳಿದರು: "ಅವರು ಒಪ್ಪಿದ್ದು ಒಂದಕ್ಕೆ, ನಿಮಗೆ ಕಂಡಿದ್ದು ಇನ್ನೊಂದು. ಆ ಹಾಳೆಗಳನ್ನ ಇಟ್ಕೊಳ್ಳೋದಾ ಬೇಡ್ವಾ ಅಂತ ಅವರನ್ನೇ ಕೇಳು. ಬೇಡ ಅಂದ್ರೆ ಹೊಸದಾಗಿ ಶುರು ಮಾಡಿ. ಸಮಯ ಕಡಿಮೆ ಇದೆ, ಅದಕ್ಕೆ ನಾನೇನೂ ಮಾಡೋಕಾಗಲ್ಲ."

ಅಪ್ಪ ಬೇಡ ಎಂದರು. ಇದನ್ನು ಸ್ಕೇಲಿಗೆ ಹೇಳುವುದೇ ಮಗಳಿಗೆ ದೊಡ್ಡ ಸಂಕಟವಾಯಿತು. ಅಷ್ಟು ದಿನ ಗೆರೆ ಎಳೆದು, ಗುರುತು ಹಾಕಿ, ಶುದ್ಧ ಪ್ರತಿ ಮಾಡಿಟ್ಟವಳು ಅವಳು. ಸ್ಕೇಲು ಪೂರ್ತಿ ಕೇಳಿಸಿಕೊಂಡು, ಚೀಲದಿಂದ ತನ್ನ ಹಾಳೆಗಳ ಕಟ್ಟನ್ನು ತೆಗೆದು, ನಡುವೆ ಮಡಿಸಿ, ಮಡಿಕೆಯ ಗುಂಟ ನೇರವಾಗಿ ಹರಿದಳು. ಹರಿದದ್ದನ್ನು ಮತ್ತೆ ಹರಿದಳು. "ದರ್ಜಿ ಅಂಗಡಿ ಆಗಬಹುದಾ?" ಎಂದು ಕೇಳಿದಳು. "ನಮ್ಮ ಮನೆ ಹತ್ರ ಒಂದಿದೆ. ಅವರು ಯಾರಿಗೂ ಅಪ್ಪ ಅಲ್ಲ."

ಮಗಳಿಗೆ ನಗು ಬಂತು, ಕಣ್ಣೂ ತುಂಬಿತು. ಅಂದಿನಿಂದ ಅವರಿಬ್ಬರೂ ಸ್ನೇಹಿತೆಯರಾದರು.

ಅಪ್ಪ ತಡಮಾಡಲಿಲ್ಲ. ಅಂಗಡಿಗೆ ರಜೆಯಿದ್ದ ದಿನ ಅಮ್ಮನ ಎದುರಿಗೆ ಹೋಗಿ ನಿಂತು, "ಬಾ, ಅಂಗಡಿಗೆ ಹೋಗಿ ಬರೋಣ," ಎಂದರು. ನೇರವಾಗಿ ಬಂದ ಮಾತಿಗೆ ಅಮ್ಮ ತಬ್ಬಿಬ್ಬಾಗಿ ಮಗಳ ಕಡೆ ನೋಡಿದಳು. ಮಗಳು ಹೋಗು ಎಂದು ಕಣ್ಣಲ್ಲೇ ಹೇಳಿದಳು. ತಾನು ಹೋಗಲಿಲ್ಲ. ಅಲ್ಲಿ ಅಪ್ಪ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದರೋ, ಹಿಂದೆ ನಿಂತು ಹೇಳಿದರೋ, ಯಾರು ಮೊದಲು ಮಾತೆತ್ತಿದರೋ, ಮಗಳಿಗೆ ಇಂದಿಗೂ ತಿಳಿಯದು. ಕೇಳಲೂ ಇಲ್ಲ.

ತಿಳಿದದ್ದು ಇಷ್ಟು: ಅಮ್ಮ ಒಬ್ಬಳೇ ಮೊದಲು ವಾಪಸ್ ಬಂದಳು. ಮೆಟ್ಟಿಲು ಹತ್ತಿದ ರಭಸಕ್ಕೇ ಗೊತ್ತಾಗುತ್ತಿತ್ತು.

"ಎರಡು ವರ್ಷ," ಎಂದಳು ಮಗಳಿಗೆ. "ಎರಡು ವರ್ಷ ನನ್ನ ಕಂಡ್ರೆ ಆಗಲ್ಲ ಅಂತ ನಾನು ಅಂದ್ಕೊಂಡಿರೋದು ಅವರಿಗೆ ಗೊತ್ತಿತ್ತಂತೆ. ಗೊತ್ತಿದ್ದೂ ಸುಮ್ಮನಿದ್ರಂತೆ. ಕಿವುಡ ಅನ್ನಿಸ್ಕೊಳ್ಳೋದಕ್ಕಿಂತ ಮುಂಗೋಪಿ ಅನ್ನಿಸ್ಕೊಳ್ಳೋದು ವಾಸಿ ಅಂತ. ಅವರ ಮರ್ಯಾದೆ ಉಳೀತು. ನಾನು?"

ಮಗಳಿಗೆ ಇದು ಹೊಳೆದೇ ಇರಲಿಲ್ಲ. ಕಾರಣ ತಿಳಿದರೆ ಎಲ್ಲ ಸರಿಹೋಗುತ್ತದೆ ಎಂದೇ ಅವಳು ನಂಬಿಕೊಂಡಿದ್ದಳು. ಅಮ್ಮ ಬಟ್ಟೆ ತುಂಬಿಕೊಂಡು ಚಿಕ್ಕಮ್ಮನ ಮನೆಗೆ ಹೋಗಿಯೇಬಿಟ್ಟಳು.

ಆ ದಿನಗಳಲ್ಲಿ ಮಗಳ ಅಂಚೆ ಕೆಲಸ ಇಮ್ಮಡಿಯಾಯಿತು. ಅಮ್ಮ ಫೋನ್ ಮಾಡುವಳು. ಅಪ್ಪನಿಗೆ ಫೋನಿನಲ್ಲಿ ಏನೂ ಕೇಳಿಸದು. "ಡಾಕ್ಟರ್ ಹತ್ರ ಹೋದ್ರಾ ಕೇಳು." "ಹೋಗ್ತೀನಿ ಅಂತ ಹೇಳು." "ಯಾವಾಗ ಅಂತ ಕೇಳು." "ಅವಳು ಬಂದ ಮೇಲೆ ಅಂತ ಹೇಳು." ಈ ಕೊನೆಯ ಮಾತನ್ನು ದಾಟಿಸಿದಾಗ, "ಚಾಣಾಕ್ಷ ಮನುಷ್ಯ," ಎಂದಳು ಅಮ್ಮ. ವಾರ ಕಳೆಯುವುದರೊಳಗೆ ಬಂದಳು.

ಕಿವಿ ಪರೀಕ್ಷೆಯ ಕೋಣೆಯೊಳಗೆ ಒಂದು ಗಾಜಿನ ಗೂಡು. ಅಪ್ಪನನ್ನು ಅದರೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿದರೆ ಒತ್ತಬೇಕು. ಹೊರಗೆ ಯಂತ್ರದ ಮುಂದೆ ಕೂತ ತಂತ್ರಜ್ಞೆ ಒಂದೊಂದು ಸದ್ದು ಕಳಿಸಿದಾಗಲೂ ಒಂದು ದೀಪ ಹತ್ತುತ್ತಿತ್ತು. ಅಮ್ಮ, ಮಗಳು ಅವಳ ಹಿಂದೆ ನಿಂತು ನೋಡಿದರು. ದಪ್ಪ ಸದ್ದುಗಳಿಗೆ ಅಪ್ಪ ಸರಿಯಾಗಿ ಒತ್ತಿದರು. ಸದ್ದು ಸಣ್ಣಗೆ, ಕೀಚಲಾಗುತ್ತಾ ಹೋದಂತೆ ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು, ಗುಂಡಿ ಅಲುಗಲಿಲ್ಲ. ಅಪ್ಪ ಬೆರಳನ್ನು ಗುಂಡಿಯ ಮೇಲೆಯೇ ಇಟ್ಟುಕೊಂಡು, ಕತ್ತು ಮುಂದೆ ಚಾಚಿ, ಹುಬ್ಬು ಗಂಟು ಹಾಕಿ, ಗಾಜಿನಾಚೆಗೆ ಎಲ್ಲೋ ನೆಟ್ಟ ನೋಟದಲ್ಲಿ ಕಾಯುತ್ತಿದ್ದರು.

ಅಮ್ಮ ಮಗಳ ತೋಳು ಹಿಡಿದಳು. "ಇದೇ ಮುಖ," ಎಂದಳು.

"ಯಾವ ಮುಖ?"

"ನಾನು ಏನಾದ್ರೂ ಕೇಳಿದಾಗ ಮಾಡ್ತಿದ್ರಲ್ಲ, ಇದೇ. ನುಂಗಿಬಿಡೋ ಹಾಗೆ ನೋಡ್ತಾರೆ ಅಂತಿದ್ನಲ್ಲ." ಅವಳ ದನಿ ಇಳಿಯಿತು. "ಕಿವಿಗೊಟ್ಟು ಕೂತಿದಾರೆ ಕಣೇ."

ತಂತ್ರಜ್ಞೆ ತನ್ನ ಕೆಲಸ ಮುಂದುವರಿಸಿದಳು. ಹೆಂಗಸರ ದನಿ, ಮಕ್ಕಳ ದನಿ ಇವರಿಗೆ ಹೆಚ್ಚು ಕಷ್ಟ, ಗಂಡಸರ ದಪ್ಪ ದನಿ ಅಷ್ಟು ಕಷ್ಟವಲ್ಲ ಎಂದು ಆಮೇಲೆ ವಿವರಿಸಿದಳು. ಅಮ್ಮ ಅದನ್ನು ಎರಡು ಸಲ ಹೇಳಿಸಿಕೊಂಡಳು. ಲಾರಿ ಡ್ರೈವರನ ಕಥೆ ಮಗಳಿಗೆ ಇನ್ನಷ್ಟು ಅರ್ಥವಾಯಿತು.

ಕಿವಿಯ ಯಂತ್ರ ಬಂದ ಮೇಲೆ ಮನೆ ಸ್ವರ್ಗವೇನೂ ಆಗಲಿಲ್ಲ. ಅಪ್ಪನಿಗೆ ಎಲ್ಲವೂ ಗದ್ದಲವಾಗಿ ಕೇಳತೊಡಗಿತು. ಪಾತ್ರೆ, ನಲ್ಲಿ, ಚೀಲದ ಸರಬರ, ತಮ್ಮದೇ ಕತ್ತರಿ. "ಇಷ್ಟು ವರ್ಷ ಇಷ್ಟು ಸದ್ದು ಮಾಡ್ತಿತ್ತಾ ಇದು?" ಎಂದು ಕತ್ತರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಂಗಡಿಯಲ್ಲಿ ಯಂತ್ರ ಹಾಕಿಕೊಂಡು ನಿಂತ ಮೊದಲ ದಿನ ಅವರು ಮತ್ತೆ ಮತ್ತೆ ಕಿವಿ ಮುಟ್ಟಿಕೊಳ್ಳುತ್ತಿದ್ದರಂತೆ. ಅಂಚೆಯವರು ಕುರ್ಚಿಯಲ್ಲಿ ಕೂತು ಕನ್ನಡಿಯಲ್ಲಿ ಅದನ್ನು ಕಂಡು, ತಮ್ಮ ಕಿವಿಯ ಹಿಂದಿನಿಂದಲೂ ಒಂದನ್ನು ತೆಗೆದು ತೋರಿಸಿ, "ಬ್ಯಾಟರಿ ಎಲ್ಲಿ ಅಗ್ಗ ಅಂತ ನನ್ನ ಕೇಳಿ," ಎಂದರಂತೆ. ಒಂದಿಬ್ಬರು ಗಿರಾಕಿಗಳು ಬರುವುದನ್ನು ಬಿಟ್ಟದ್ದೂ ನಿಜ. ಅದು ಯಂತ್ರದಿಂದಲೋ, ಬೀದಿಯಾಚೆ ತೆರೆದ ಹೊಸ ಸಲೂನಿನಿಂದಲೋ ಹೇಳುವುದು ಕಷ್ಟ ಎಂದಳು ಮಗಳು. ಅಪ್ಪ "ಸಲೂನೇ" ಎಂದರು.

ದರ್ಜಿ ಅಂಗಡಿಯ ಅಧ್ಯಯನ ಹೇಗೋ ಮುಗಿಯಿತು. ಹೆಚ್ಚಿನದೇನೂ ಸಿಗಲಿಲ್ಲ, ದರ್ಜಿ ಬಾಯಲ್ಲಿ ಸೂಜಿಗಳನ್ನು ಕಚ್ಚಿಕೊಂಡೇ ಇರುವ ಮನುಷ್ಯ. ಹಾಗೆಂದೇ ಬರೆದರು. ಮೇಡಂ ಸಾಧಾರಣ ಅಂಕ ಕೊಟ್ಟು, ಕೊನೆಯ ಪುಟದ ಅಂಚಿನಲ್ಲಿ 'ಸಿಗದಿದ್ದದ್ದನ್ನು ಸಿಕ್ಕಿತೆಂದು ಬರೆದಿಲ್ಲ, ಸಂತೋಷ' ಎಂದು ಗೀಚಿದ್ದರು. ಸ್ಕೇಲಿಗೆ ಅಂಕದ ಬಗ್ಗೆ ಒಳಗೊಳಗೇ ಬೇಸರವಿತ್ತು. ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದಳು.

ಪರೀಕ್ಷೆಗಳ ಹೊತ್ತಿನಲ್ಲಿ ಒಂದು ಭಾನುವಾರ ಮಗಳು ಮೇಜಿನ ಬಳಿ ಓದುತ್ತಾ ಕೂತಿದ್ದಳು. ಅಪ್ಪ ಎದುರಿಗೆ ಪತ್ರಿಕೆ ಹಿಡಿದಿದ್ದರು. ಅಮ್ಮ ಒಳಗಿನಿಂದ, "ಇನ್ನೊಂದು ಲೋಟ ಚಹಾ ಬೇಕಾ?" ಎಂದು ಕೇಳಿದಳು. ಉತ್ತರವಿಲ್ಲ. ಮತ್ತೆ ಕೇಳಿದಳು. ಉತ್ತರವಿಲ್ಲ. ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, ಗಂಡನ ಎದುರಿಗೆ ಕಾಣುವಂತೆ ನಿಂತು, ತುಟಿ ಬಿಡಿಸಿ ಬಿಡಿಸಿ ಕೇಳಿದಳು: "ಚಹಾ. ಬೇಕಾ. ಯಂತ್ರ ಹಾಕ್ಕೊಂಡಿದೀರಾ?"

"ಹಾಕ್ಕೊಂಡಿದೀನಿ," ಎಂದರು ಅಪ್ಪ ಪತ್ರಿಕೆ ತಗ್ಗಿಸದೆ. "ಆಗಲೇ ಕೇಳಿಸ್ತು. ನಿನ್ನೆ ನಿನ್ನ ತಂಗಿ ಎದುರಿಗೆ ನನ್ನ ಅಂಗಿ ಬಗ್ಗೆ ಆಡ್ಕೊಂಡು ನಕ್ಕೆಯಲ್ಲ. ಅದಕ್ಕೆ ಕೋಪ ಬಂದಿದೆ. ಮಾತಾಡ್ತಿಲ್ಲ."

ಅಮ್ಮ ಒಂದು ಕ್ಷಣ ಅವರನ್ನೇ ನೋಡಿದಳು.

"ಹಾಗಾದ್ರೆ ಸರಿ," ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಚಹಾ ತಂದಿಟ್ಟಳು.